ಹಿತ್ತಲಲ್ಲಿ ಎರೆಲಡ್ಡು, ಪಡಸಾಲೆಯಲ್ಲಿ ಶ್ರಾದ್ಧ

ಅಪ್ಪನ ಆ ವರ್ಷದ ಶ್ರಾದ್ಧದ ದಿನ ಬೆಳಿಗ್ಗೆ, ಬಾವಿಕಟ್ಟೆಯ ಹತ್ತಿರ ಒದ್ದೆ ಪಂಚೆಯಲ್ಲಿ ನಿಂತು, ಏನೇನು ಕೆಡಬಹುದೆಂದು ಎಣಿಸಿದೆ. ಪಿತೃಗಳ ಹೆಸರಲ್ಲಿ ಬ್ರಾಹ್ಮಣಾರ್ಥಕ್ಕೆ ಕೂತು ಉಣ್ಣಲೆಂದು ಕುರುಗೋಡಿನಿಂದ ಬರಬೇಕಾದ ಇಬ್ಬರೂ ಬಾರದೆ ಹೋಗಬಹುದು. ಬಂದರೂ, ಹಿತ್ತಲಲ್ಲಿ ಅಡ್ಡಾಡುವ ಹಕ್ಕಿಯನ್ನು ಕಂಡು, ಬಂದ ಬಂಡಿಯಲ್ಲೇ ತಿರುಗಿ ಹೋಗಬಹುದು. ಹೋದವರು ದಾರಿಯುದ್ದಕ್ಕೂ ಹೇಳಿಕೊಂಡು ಹೋಗಬಹುದು; ಆಮೇಲೆ ನಮ್ಮನ್ನು ಯಾವ ಪಂಕ್ತಿಗೂ ಯಾರೂ ಕರೆಯದಿರಬಹುದು. ಮಂತ್ರದ ನಡುವೆ ಹಕ್ಕಿ ಗುಮ್ಮೆಂದು ಕೂಗಬಹುದು. ಅದಕ್ಕೆ ಗುಂಡು ಹೊಡೆದ ದೊರೆ ಕಂಟೋನ್ಮೆಂಟಿನಿಂದ ಜವಾನನನ್ನು ಅಟ್ಟಿ, ನನ್ನ ಹಕ್ಕಿ ಎಲ್ಲಿ ಎಂದು ಕೇಳಿಸಬಹುದು. ಇದಾವುದೂ ಆಗದಿದ್ದರೆ, ಹಕ್ಕಿ ಸರಿಯಾಗಿ ಸಂಕಲ್ಪದ ಹೊತ್ತಿಗೇ ಪ್ರಾಣ ಬಿಡಬಹುದು.

ಹಕ್ಕಿ ಸಾಯಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಓದುವವರನ್ನು ಚಿಂತೆಗೆ ಹಚ್ಚುವುದು ನನ್ನಿಂದಾಗದು. ಆ ಕೆಲಸಕ್ಕೆ ನಾನೊಬ್ಬನೇ ಸಾಕು. ರೆಕ್ಕೆ ಕೂಡಿಕೊಂಡ ಮೇಲೆ ಒಂದು ದಿನ ಸಿರುಗುಪ್ಪದ ಕಡೆಯ ಎರೆ ಹೊಲದಲ್ಲಿ ಬಿಟ್ಟಾಗ, ನನ್ನತ್ತ ತಿರುಗಿಯೂ ನೋಡದೆ ಓಡಿ, ಹಾರಿತು. ಅಂದಿನಿಂದ ಜನ ನಮ್ಮ ಬಾಗಿಲಿಗೆ ಬೆಕ್ಕು ಕಚ್ಚಿದ ಬೆಳವ, ಗಾಳಿಪಟದ ದಾರಕ್ಕೆ ಸಿಕ್ಕ ಗಿಳಿ, ಕಾಲು ಮುರಿದ ಗೂಬೆ ತರತೊಡಗಿದರು. ಬೇಡವೆನ್ನಲು ಧೈರ್ಯ ಸಾಲದೆ ನಾನು ಇಟ್ಟುಕೊಳ್ಳತೊಡಗಿದೆ. ಗೂಬೆ ತಂದವನು ನಿಜವಾಗಿ ಯಾತಕ್ಕೆ ತಂದನೋ ಎಂಬ ಅನುಮಾನ ಇನ್ನೂ ಹೋಗಿಲ್ಲ.

ಶುರುವಾದದ್ದು ಹೀಗೆ. ನಾನು ಬಳ್ಳಾರಿಯಲ್ಲಿ ಕಚೇರಿ ಗುಮಾಸ್ತ. ಕೆಲಸದ ಮೇಲೆ ಸಿರುಗುಪ್ಪಕ್ಕೆ ಹೋಗಿದ್ದವನು ಎತ್ತಿನ ಬಂಡಿಯಲ್ಲಿ ಮರಳುತ್ತಿದ್ದೆ. ತೆಕ್ಕಲಕೋಟೆ ದಾಟಿದ ಮೇಲೆ ಜೋಳದ ಹೊಲದ ಬದುವಿನಲ್ಲಿ ಎರೆಲಡ್ಡು ಕೂತಿತ್ತು. ಕರಿ ಭೂಮಿಯ ಆ ದೊಡ್ಡ ಹಕ್ಕಿ, ನಿಂತರೆ ನನ್ನ ಸೊಂಟಕ್ಕೆ ಬರುತ್ತದೆ. ಬಂದೂಕಿನ ಚರೆ ಹೊಕ್ಕು ಬಲರೆಕ್ಕೆಯ ಮೇಲೆ ರಕ್ತ ಹೆಪ್ಪುಗಟ್ಟಿತ್ತು. ಹೊಡೆದ ದೊರೆಗೆ ಹುಡುಕುವ ತಾಳ್ಮೆ ಇರಲಿಲ್ಲವೆಂದು ತೋರುತ್ತದೆ. ಬಂಡಿ ಹೊಡೆಯುವವನು ಇಳಿದು ನಿಂತು, ಅದರ ಎದೆಯನ್ನು ಕಣ್ಣಲ್ಲೇ ತೂಗಿ, "ಹತ್ತು ಮಂದಿಗೆ ಆಗ್ತೈತ್ರಿ ರಾಯರ," ಅಂದ.

ಆ ಮಾತಿಗೇ ನಾನು ನನ್ನ ಶಾಲು ಹೊದಿಸಿ ಹಕ್ಕಿಯನ್ನು ಬಂಡಿಗೇರಿಸಿದ್ದು. ಕರುಣೆ ಎಂದು ಹೇಳಿಕೊಳ್ಳಬಹುದು, ಅದು ಅರ್ಧ. ಇನ್ನರ್ಧ, ನನ್ನನ್ನು ಇಳಿಸಿ ಇವನು ಹಕ್ಕಿಗಾಗಿ ಮರಳಿ ಬಂದಾನೆಂಬ ಸಂಶಯ. ದಾರಿಯುದ್ದಕ್ಕೂ ಅವನು ಹಿಂದಕ್ಕೆ ತಿರುತಿರುಗಿ ನೋಡಿದ. ಹಕ್ಕಿಯ ಮೇಲೆ ಕಣ್ಣೆಂದು ನಾನು ತಿಳಿದೆ. ರಾಯರ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ಅವನು ನೋಡುತ್ತಿದ್ದಿರಬೇಕು.

ಮನೆಯಲ್ಲಿ ಅಮ್ಮ ಹಿತ್ತಲಿಗಷ್ಟೇ ಒಪ್ಪಿದಳು, ಅದೂ ಒಂದು ಕರಾರಿನ ಮೇಲೆ: ನಮ್ಮ ಮನೆಯಲ್ಲಿ ಇರುವವರೆಗೆ ಅದು ನಮ್ಮ ಅನ್ನವನ್ನೇ ಉಣ್ಣಬೇಕು. ರೆಕ್ಕೆಗೆ ಅರಿಶಿನ ಹಚ್ಚಿ ಬಟ್ಟೆ ಸುತ್ತಿ, ಮೊಸರನ್ನ ಕಲಸಿ ಇಟ್ಟೆ. ಹಕ್ಕಿ ಮುಖ ತಿರುಗಿಸಿತು. ನೆನೆಸಿದ ಹೆಸರುಬೇಳೆ ಇಟ್ಟರೆ ಅದನ್ನು ತುಳಿದುಕೊಂಡು ಹೋಯಿತು. ಅಷ್ಟರಲ್ಲಿ ಏಕಾದಶಿ ಬಂತು. ಹಕ್ಕಿ ನೀರನ್ನೂ ಮುಟ್ಟದಿದ್ದುದನ್ನು ಕಂಡು ಅಮ್ಮ, ಇದಕ್ಕಿರುವ ಬುದ್ಧಿ ಮನೆಯ ಗಂಡಸರಿಗಿಲ್ಲ ಎಂದು ಮೆಚ್ಚಿಕೊಂಡಳು. ದ್ವಾದಶಿಯಂದೂ ಪಾರಣೆ ಮಾಡದೆ ಕತ್ತು ಜೋತುಬಿದ್ದಾಗ ಅವಳ ಮೆಚ್ಚುಗೆಯೂ ಜೋತುಬಿತ್ತು. ಏನಾರ ಮಾಡಿಕೋ, ನನ್ನ ಕಣ್ಣಿಗೆ ಬೀಳಬಾರದು ಎಂದಳು.

ಹಾಗಾಗಿ ನಾನು ಮಿಡತೆ ಹಿಡಿಯುವವನಾದೆ. ಬೆಳಿಗ್ಗೆ ಸ್ನಾನಕ್ಕೆ ಮೊದಲು, ಕೋಟೆ ಗುಡ್ಡದ ಆಚೆಯ ಹೊಲಗಳಿಗೆ ಚೊಂಬು ಹಿಡಿದು ಹೋಗುತ್ತಿದ್ದೆ. ಚೊಂಬು ಹಿಡಿದು ಹೊಲಕ್ಕೆ ಹೋಗುವವನನ್ನು ಯಾತಕ್ಕೆಂದು ಯಾರೂ ಕೇಳುವುದಿಲ್ಲವೆಂದು ನನ್ನ ಲೆಕ್ಕ. ಆದರೆ ಅಂಥವನು ಹೊಲದ ತುಂಬ ಕುಪ್ಪಳಿಸಿದರೆ ಜನ ನಿಂತು ನೋಡುತ್ತಾರೆ. ನೋಡಿದವರಲ್ಲಿ ನಮ್ಮ ಪಕ್ಕದ ಮನೆಯ ಮುದುಕರೂ ಒಬ್ಬರು. ಶಿರಸ್ತೇದಾರಿಕೆ ಮಾಡಿ ಪಿಂಚಣಿ ಪಡೆಯುತ್ತಿದ್ದವರು. ಪರರ ಗುಟ್ಟು ಕೆದಕುವ ಚಟಕ್ಕೆ ಮಾತ್ರ ಪಿಂಚಣಿ ಆಗಿರಲಿಲ್ಲ.

ಮಿಡತೆಗೆ ಹಕ್ಕಿ ಚೇತರಿಸಿಕೊಂಡಿತು, ಎದೆ ತುಂಬಿಕೊಂಡಿತು. ಕೆಟ್ಟದ್ದೇ ಅಲ್ಲಿ. ಒಂದು ಸಂಜೆ ಶಿರಸ್ತೇದಾರರು ಗೋಡೆಯ ಮೇಲಿಂದ ಇಣುಕಿ, "ಮೈ ಚೊಲೋ ತುಂಬ್ಯದಲ್ರಿ," ಅಂದರು. ಹೌದೆಂದೆ. ಹಕ್ಕಿಯನ್ನು ಇನ್ನೊಮ್ಮೆ ನೋಡಿ, "ಯಾವಾಗ?" ಅಂದರು.

"ಏನು ಯಾವಾಗ?"

"ಏನಿಲ್ಲ ಬಿಡ್ರಿ, ಹಾಂಗ ಕೇಳಿದೆ."

ಆ ಮಾತು ನಮ್ಮ ಬೀದಿ ದಾಟಲು ಬಹಳ ದಿನ ಬೇಕಾಗಲಿಲ್ಲ. ಗುಮಾಸ್ತರು ಇಂಗ್ಲಿಷ್ ಓದಿದವರು, ದೊರೆಗಳ ಒಡನಾಟದವರು, ಹಿತ್ತಲಲ್ಲಿ ಹಕ್ಕಿ ಕೊಬ್ಬಿಸುತ್ತಿದ್ದಾರೆ. ಶಿರಸ್ತೇದಾರರ ಬೀಗರು ಕುರುಗೋಡಿನವರು; ಸುದ್ದಿ ಅಲ್ಲಿಗೂ ಮುಟ್ಟಿತು. ಪ್ರತಿ ವರ್ಷ ನಮ್ಮಲ್ಲಿ ಬ್ರಾಹ್ಮಣಾರ್ಥಕ್ಕೆ ಕೂರುತ್ತಿದ್ದ ಇಬ್ಬರಲ್ಲಿ ಹಿರಿಯರು, ಬರುವುದು ಬರುತ್ತೇವೆ, ಕೂರುವುದು ಬಂದು ನೋಡಿದ ಮೇಲೆ ಎಂದು ಹೇಳಿಕಳಿಸಿದರು.

ಅಮ್ಮನಿಗೆ ಇದು ಸಣ್ಣ ಮಾತಲ್ಲ. ಅವರು ಕೂರದಿದ್ದರೆ ಊರಲ್ಲಿ ಇನ್ನಾರೂ ಕೂರುವುದಿಲ್ಲ. ಅಪ್ಪನ ಶ್ರಾದ್ಧ ನಿಂತುಹೋಗುತ್ತದೆ. ಹಕ್ಕಿಯನ್ನು ಬಿಟ್ಟುಬಿಡು ಎಂದಳು. ಹಾರಲಾರದ್ದನ್ನು ಬಿಟ್ಟರೆ ಸಂಜೆಯೊಳಗೆ ಯಾರದೋ ಒಲೆಯ ಮೇಲಿರುತ್ತದೆ ಎಂದೆ. ಮತ್ತೆ ಹೇಳಲಿಲ್ಲ. ಆದರೆ ಉಣ್ಣಲು ಕೂತರೆ ಕಲಸಿದ ತುತ್ತನ್ನು ಎಲೆಯಲ್ಲೇ ಬಿಟ್ಟು ಏಳುತ್ತಿದ್ದಳು.

ಶ್ರಾದ್ಧದ ದಿನ ಇಬ್ಬರೂ ಬಂದರು. ಹಿರಿಯರು ಸೀದಾ ಹಿತ್ತಲಿಗೇ ನಡೆದರು. ಹಕ್ಕಿ ಅವರನ್ನು ನೋಡಿತು, ಅವರು ಹಕ್ಕಿಯನ್ನು ನೋಡಿದರು. ಇಬ್ಬರ ಕಣ್ಣಲ್ಲೂ ಒಂದೇ ಸಂಶಯ.

"ಯಾತಕ್ಕ ಇಟ್ಟೀಯೋ ಇದನ್ನ?"

ಗುಣವಾಗಲಿ ಎಂದು, ಎಂದೆ.

"ಗುಣ ಆದಮ್ಯಾಲೆ?"

ಬಿಡುತ್ತೇನೆ, ಎಂದೆ. ನನ್ನ ಕಿವಿಗೇ ಅದು ಕಳ್ಳನ ಮಾತಿನಂತೆ ಕೇಳಿಸಿತು. ಹಿರಿಯರು ಉತ್ತರೀಯ ಹೆಗಲಿಗೇರಿಸಿ ಹೊರಡುವವರಂತೆ ನಿಂತರು. ಆಗ ಮಡಿಯಲ್ಲಿದ್ದ ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದಳು.

"ಅವರಿಕಾಯಿ ಸುಲೀವಾಗ ಹುಳ ಕಂಡ್ರ ಕಣ್ಣು ಮುಚ್ಕೊಳ್ಳೋ ಮಗ ಇಂವ," ಅಂದಳು. "ಪಾಪ ಮಾಡ್ಲಿಕ್ಕೂ ಎದಿ ಬೇಕ್ರಿ. ಅದು ಇವಗಿಲ್ಲ. ನೀವು ಕೂಡ್ರಿ."

ಹಿರಿಯರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮಾತು ನಿಜವೆಂದು ಅವರಿಗೆ ತೋರಿರಬೇಕು. ಕಾಲು ತೊಳೆಯಲು ನೀರು ಕೇಳಿದರು.

ಅವರು ಕೂತರು, ಉಂಡರು, ವಡೆಯನ್ನು ಎರಡನೆಯ ಸಲ ಬಡಿಸಿಕೊಂಡರು. ಹಕ್ಕಿ ಕೂಗಲಿಲ್ಲ. ದೊರೆಯ ಜವಾನ ಬರಲಿಲ್ಲ. ಕಡೆಗೆ ಕಾಗೆಗೆಂದು ಪಿಂಡವನ್ನು ಹಿತ್ತಲ ಕಲ್ಲಿನ ಮೇಲಿಟ್ಟು ಕರೆದೆ. ಬೇವಿನ ಮರದ ತುಂಬ ಕಾಗೆಗಳಿದ್ದವು, ಒಂದೂ ಇಳಿಯಲಿಲ್ಲ. ಕೆಳಗೆ ಸೊಂಟದೆತ್ತರದ ಹಕ್ಕಿ ಠಳಾಯಿಸುತ್ತಿರುವಾಗ ಯಾವ ಕಾಗೆ ಇಳಿದೀತು? ಅಷ್ಟೆಲ್ಲ ಚಿಂತಿಸಿದ್ದ ನನಗೆ ಕಾಗೆಯ ಚಿಂತೆಯೊಂದು ಹೊಳೆದಿರಲಿಲ್ಲ. ಕಾಗೆ ಮುಟ್ಟದಿದ್ದರೆ ಹೋದವರಿಗೆ ಏನೋ ಕೊರೆ ಎಂದು ಅಮ್ಮನ ಮುಖ ಸಣ್ಣದಾಯಿತು. ಶಿರಸ್ತೇದಾರರ ತಲೆ ಗೋಡೆಯ ಮೇಲೆ ಮೂಡಿತು. ಗುಣವಾದ ದಿನವೇ ಇದನ್ನು ಬಿಡುತ್ತೇನೆಂದು ಅಪ್ಪನಿಗೆ ಮನಸ್ಸಿನಲ್ಲೇ ಮಾತು ಕೊಟ್ಟೆ.

ಆದರೂ ಕಾಗೆ ಇಳಿಯಲಿಲ್ಲ. ಎರೆಲಡ್ಡುವೇ ಕಲ್ಲಿನ ಹತ್ತಿರ ಬಂದು, ಪಿಂಡದಲ್ಲಿದ್ದ ಎಳ್ಳನ್ನು ಆರಿಸಿ ಆರಿಸಿ ಕುಕ್ಕಿ, ಆಮೇಲೆ ಉಳಿದದ್ದನ್ನೂ ನುಂಗಿತು.

ಹಿರಿಯರು ಗೋಡೆಯ ಮೇಲಿನ ತಲೆಯನ್ನೊಮ್ಮೆ ನೋಡಿ, "ಪಿತೃಗಳ ಪಿಂಡ ಉಂಡದ್ದನ್ನ ಇನ್ನ ಕೊಯ್ಯೂದಂತೂ ಯಾರಿಂದಲೂ ಆಗೂದಿಲ್ಲ," ಅಂದರು. ಶಿರಸ್ತೇದಾರರ ತಲೆ ಮುಳುಗಿತು. "ಇನ್ನೊಂದು ಪಿಂಡ ತಂದಿಡ್ರಿ. ಈ ಸಲ ಅದನ್ನ ಹಿಡಕೊಂಡು ನಿಂದ್ರೋ."

ನಾನು ಹಕ್ಕಿಯನ್ನು ಅವುಚಿಕೊಂಡು ಕೊಟ್ಟಿಗೆಯ ಮೂಲೆಯಲ್ಲಿ ನಿಂತೆ. ಕಾಗೆ ಇಳಿಯಿತು.