ದುರ್ಗಾಡಿ ಕಾಣುವ ಅಡುಗೆಮನೆ

ಆ ದಿನವೂ ಎಲ್ಲ ದಿನಗಳಂತೆ ಹಾಲಿನ ಚೀಲ ತೊಳೆಯುವುದರಿಂದಲೇ ಶುರುವಾಯಿತು. ಇವರು ಕತ್ತಲಿರುವಾಗಲೇ ಹೊರಟಾಗಿತ್ತು. ಠಾಣೆ ಸ್ಟೇಷನ್ ಹತ್ತಿರ ಮಾವನವರ ಕಾಲದಿಂದ ನಡೆದುಬಂದ ನಮ್ಮದೊಂದು ಸಣ್ಣ ಸಸ್ಯಾಹಾರಿ ಹೋಟೆಲಿದೆ. ಮೊದಲ ಇಡ್ಲಿ ಬೇಯುವ ಹೊತ್ತಿಗೆ ಗಲ್ಲಾದಲ್ಲಿ ಇವರೇ ಕೂತಿರಬೇಕು. ಆಗ ಏಳನೆಯ ತರಗತಿಯಲ್ಲಿದ್ದ ಮಗಳು ಅನನ್ಯಾಳಿಗೆ ಅಂದು ಶಾಲೆಯ ಟ್ರಿಪ್. ಸಮುದ್ರದ ನೀರು ಒಳಬರುವ ಐರೋಲಿಯ ಖಾಡಿಗೆ ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ಫ್ಲೆಮಿಂಗೋ ಹಕ್ಕಿಗಳನ್ನು ತೋರಿಸುತ್ತಾರೆಂದು ವಾರದಿಂದ ಅದೇ ಮಾತು. ಚಟ್ನಿ ಬಸ್ಸಿನಲ್ಲಿ ಚೆಲ್ಲೀತೆಂದು ಇಡ್ಲಿಗೆ ಚಟ್ನಿಪುಡಿ, ತೆಂಗಿನೆಣ್ಣೆ ಸವರಿ ಡಬ್ಬಿ ಕಟ್ಟಿದೆ. ದೋಣಿಯ ಅಂಚಿನಲ್ಲಿ ಕೂರಬೇಡ ಎಂದು ಜಡೆ ಹಾಕುವಾಗ ಒಮ್ಮೆ, ಶೂ ಕಟ್ಟುವಾಗ ಒಮ್ಮೆ, ಲಿಫ್ಟಿನ ಬಾಗಿಲು ಮುಚ್ಚುವಾಗ ಇನ್ನೊಮ್ಮೆ ಹೇಳಿದೆ. "ಮಾಲೂಮ್ ಹೈ ಮಮ್ಮಿ" ಎಂದಳು. ನಾನು ಕನ್ನಡದಲ್ಲಿ ಹೇಳುವುದು, ಅವಳು ಹಿಂದಿಯಲ್ಲಿ ಉತ್ತರ ಕೊಡುವುದು ನಮ್ಮ ಮನೆಯ ರೂಢಿ.

ಇಂಥದ್ದನ್ನೆಲ್ಲ ನಂಬದವಳು ನಾನು ಎಂದು ಮೊದಲೇ ಹೇಳಿಬಿಡುತ್ತೇನೆ. ಓದಿದ್ದು ಕಾನ್ವೆಂಟಿನಲ್ಲಿ. ಹಿಂದಿನ ಬಾತ್‌ರೂಮಿನಲ್ಲಿ ರಾತ್ರಿ ಸತ್ತವಳೊಬ್ಬಳು ಅಳುತ್ತಾಳೆಂದು ಹುಡುಗಿಯರು ಒಬ್ಬರನ್ನೊಬ್ಬರು ಹೆದರಿಸುತ್ತಿದ್ದಾಗ ನಮ್ಮ ಸಿಸ್ಟರ್ ಒಬ್ಬರು ಇಡೀ ತರಗತಿಯನ್ನು ಸಾಲಾಗಿ ಅಲ್ಲಿಗೆ ಕರೆದೊಯ್ದು, ಸೋರುತ್ತಿದ್ದ ನಲ್ಲಿಯನ್ನು ತೋರಿಸಿ, ಬಿಗಿಯಾಗಿ ತಿರುಗಿಸಿ ನಿಲ್ಲಿಸಿದ್ದರು. ಅಂದಿನಿಂದ ಯಾರು ಏನೇ ಕಥೆ ಹೇಳಿದರೂ ಎಲ್ಲೋ ಒಂದು ನಲ್ಲಿ ಸೋರುತ್ತಿದೆ ಎಂದೇ ನನ್ನ ಲೆಕ್ಕ. ಈ ಸಂಗತಿಯಲ್ಲಿ ಆ ನಲ್ಲಿ ಎಲ್ಲಿದೆ ಎಂದು ಎರಡು ವರ್ಷಗಳಿಂದ ಹುಡುಕುತ್ತಿದ್ದೇನೆ.

ನನಗಿದ್ದ ಹುಚ್ಚು ಫೋಟೋದ್ದು. ಇಲ್ಲಿನ ಕನ್ನಡ ಸಂಘದ ಮಾಸಿಕಕ್ಕೆ ನಾವಿರುವ ಊರುಗಳ ಚಿತ್ರ ಬೇಕೆಂದಿದ್ದರು. ದೊಡ್ಡ ಕ್ಯಾಮೆರಾ ಇರುವ ಗಂಡಸರು ಎಲ್ಲವನ್ನೂ ಎದುರಿನಿಂದ ತೆಗೆದು ಮುಗಿಸಿದ್ದರು. ನನ್ನ ಹತ್ತಿರ ಇದ್ದುದು ಮೊಬೈಲು ಮಾತ್ರ. ಆದರೆ ನಾನು ಯಾರ ಅಡುಗೆಮನೆಗೆ ಬೇಕಾದರೂ ಹೋಗಬಲ್ಲೆ. ಹಾಗಾಗಿ ಎಲ್ಲರೂ ನೋಡಿದ ಜಾಗವನ್ನು ಯಾರದೋ ಮನೆಯ ಒಳಗಿನಿಂದ ತೆಗೆಯತೊಡಗಿದೆ. ಠಾಣೆಯ ತಲಾವ್ ಪಾಳಿಯ ಕೆರೆಯನ್ನು ಬಟ್ಟೆ ಹೊಲಿಯುವ ಹೆಂಗಸೊಬ್ಬರ ಮಷಿನಿನ ಹಿಂದಿನಿಂದ. ಪಾರ್ಸಿಕ್ ಗುಡ್ಡವನ್ನು ತಾರಸಿಯಲ್ಲಿ ಒಣಹಾಕಿದ ಹಪ್ಪಳಗಳ ಮೇಲಿನಿಂದ. ನೋಡಲೆಂದು ಯಾರೂ ಹೋಗದ ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯನ್ನೂ ತೆಗೆದಿದ್ದೇನೆ. ಅಲ್ಲಿನ ಉಕ್ಕಿನ ಸುರುಳಿಗಳು ಮೇಲಿನಿಂದ ನೋಡಿದರೆ ರಾಕ್ಷಸರಿಗೆಂದು ಸುತ್ತಿಟ್ಟ ಚಕ್ಕುಲಿಯಂತೆ ಕಾಣುತ್ತವೆ.

ಇದಕ್ಕೆ ನನ್ನದೇ ಕ್ರಮವಿತ್ತು. ಕೆಲಸದವಳು ಬಂದು ಹೋದ ಮೇಲೆ, ಅನ್ನಕ್ಕೆ ಇಡುವ ಮೊದಲು ಬೆಲ್ ಒತ್ತಬೇಕು. ಮೊಬೈಲು ಪರ್ಸಿನೊಳಗಿರಬೇಕು, ಕೈಯಲ್ಲಿ ಸೊಪ್ಪಿನ ಚೀಲವಿರಬೇಕು. ಸೊಪ್ಪು ಹಿಡಿದವಳ ಮುಖಕ್ಕೆ ಯಾರೂ ಬಾಗಿಲು ಹಾಕುವುದಿಲ್ಲ.

ಅಂದು ಮಗಳನ್ನು ಬಸ್ಸಿಗೆ ಹತ್ತಿಸಿ, ಡೊಂಬಿವಲಿಯ ನಮ್ಮ ಮನೆಗೆ ಬೀಗ ಹಾಕಿ, ಕಲ್ಯಾಣಕ್ಕೆ ಹೋದೆ. ದುರ್ಗಾಡಿ ಕೋಟೆಯನ್ನು ಎಲ್ಲರೂ ರಸ್ತೆಯ ಕಡೆಯಿಂದ, ಮೇಲಿನ ದೇವಿಯ ಗುಡಿ ಬರುವಂತೆ ತೆಗೆಯುತ್ತಾರೆ. ನನಗೆ ಅದರ ಬೆನ್ನು ಬೇಕಿತ್ತು. ಖಾಡಿಯ ಕಡೆ ತಿರುಗಿದ ಹಳೆಯ ಕಟ್ಟಡವೊಂದರ ಕೆಳಗೆ ನಿಂತು ಕಿಟಕಿಗಳನ್ನು ನೋಡಿದೆ. ಮೂರನೆಯ ಮಹಡಿ ಸರಿ ಅನ್ನಿಸಿತು. ಮೇಲೆ ಹೋದರೆ ಒಂದು ಬಾಗಿಲಿನ ನೆತ್ತಿಯಲ್ಲಿ ಭತ್ತದ ತೆನೆಯ ಸಣ್ಣ ಕಟ್ಟು. ಹೊಸ ಅಕ್ಕಿ ಊಟದ ಕಾಲಕ್ಕೆ ಊರಿನಿಂದ ಕದಿರು ತರಿಸಿ, ಮಾವಿನೆಲೆಯಲ್ಲಿ ಸುತ್ತಿ ಬಾಗಿಲಿಗೆ ಕಟ್ಟುವವರು ಇಲ್ಲಿ ನಮ್ಮ ಕರಾವಳಿಯವರೇ. ಮರಾಠಿಯಲ್ಲಿ ಸಿದ್ಧಮಾಡಿಕೊಂಡಿದ್ದ ಮಾತನ್ನು ಬಿಟ್ಟು ಧೈರ್ಯವಾಗಿ ಬೆಲ್ ಒತ್ತಿದೆ.

ತೆರೆದವರು ಐವತ್ತು ದಾಟಿದ ಹೆಂಗಸು. ನಾನು ಬಾಯಿ ತೆರೆಯುವ ಮೊದಲೇ, "ಬನ್ನಿ, ಅಡಿಗೆಕೋಣೆ ಕಿಟಕಿಯಿಂದ ಲಾಯ್ಕ್ ಕಾಣ್ತದೆ" ಎಂದರು. ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿದ್ದುದನ್ನು ಅವರು ಮೇಲಿನಿಂದ ಕಂಡಿರಬೇಕು ಎಂದುಕೊಂಡೆ. ಈಗಲೂ ಹಾಗೆಯೇ ಅಂದುಕೊಳ್ಳುತ್ತೇನೆ.

ನೋಟ ನಿಜಕ್ಕೂ ಚೆನ್ನಾಗಿತ್ತು. ಗ್ರಿಲ್ಲಿಗೆ ಹಾಕಿದ ಒದ್ದೆ ಮಸಿಬಟ್ಟೆ, ಪಕ್ಕದಲ್ಲಿ ಕರಿಬೇವಿನ ಕುಂಡ, ಎರಡರ ನಡುವೆ ಕೋಟೆಯ ಕಪ್ಪು ಬೆನ್ನು, ಕೆಳಗೆ ಖಾಡಿಯ ಕಂದು ನೀರು. ಎರಡು ಮೂರು ಫೋಟೋ ತೆಗೆದೆ. ಇನ್ನೊಂದಕ್ಕೆಂದು ಎಡಕ್ಕೆ ಸರಿಯುವಾಗ ಆಸರೆಗೆ ಕಟ್ಟೆಯ ಮೂಲೆಯನ್ನು ಹಿಡಿದೆ. ಅಲ್ಲಿ ಗ್ರಾನೈಟಿನ ಚೂರು ಒಡೆದಿದೆ, ಬೆರಳು ಕೊಯ್ದೀತು ಎಂದು ನನ್ನ ಕೈಗೆ ಮೊದಲೇ ಗೊತ್ತಿತ್ತು. ನಮ್ಮ ಮನೆಯಲ್ಲಿ ಹಾಗಿದೆ. ಅಲ್ಲಿಯೂ ಹಾಗೇ ಇತ್ತು.

ನಮ್ಮ ಕಡೆಯವರ ಅಡುಗೆಮನೆಗಳೆಲ್ಲ ಒಂದೇ ಅಚ್ಚಿನವು ಎಂದು ಸಮಾಧಾನ ಮಾಡಿಕೊಂಡೆ. ಅದೇ ಸ್ಟೀಲ್ ಡಬ್ಬಿಗಳ ಸಾಲು, ಅದೇ ಕಾಯಿ ತುರಿಯುವ ಮಣೆ. ಆಮೇಲೆ ಉಪ್ಪಿನ ಭರಣಿಯ ಮೇಲಿನ ಟೈಲ್ಸ್ ಕಂಡಿತು.

ಇದನ್ನು ಸ್ವಲ್ಪ ವಿವರಿಸಬೇಕು. ಪ್ರತಿ ಜೂನಿನಲ್ಲಿ ಶಾಲೆಯ ಪುಸ್ತಕಗಳಿಗೆ ಕಂದು ಕಾಗದದ ಹೊದಿಕೆ ಹಾಕಿ, ಕಾರ್ಟೂನಿನ ಲೇಬಲ್ ಅಂಟಿಸುತ್ತೇವಲ್ಲ, ಕೊನೆಗೆ ಒಂದಾದರೂ ಲೇಬಲ್ ಉಳಿಯುತ್ತದೆ. ಒಂದನೆಯ ತರಗತಿಯಿಂದ ಅನನ್ಯಾ ಅದನ್ನು ನಮ್ಮ ಉಪ್ಪಿನ ಭರಣಿಯ ಮೇಲಿನ ಟೈಲ್ಸಿಗೆ ಅಂಟಿಸುತ್ತ ಬಂದಿದ್ದಳು, ವರ್ಷಕ್ಕೊಂದು. ಮೂರನೆಯದನ್ನು ತಲೆಕೆಳಗಾಗಿ ಅಂಟಿಸಿದ್ದಳು. ಕಿತ್ತರೆ ಅಳುತ್ತಾಳೆಂದು ಬಿಟ್ಟಿದ್ದೆ.

ಆ ಮನೆಯಲ್ಲಿಯೂ ಲೇಬಲ್‌ಗಳಿದ್ದವು. ಮೂರನೆಯದು ತಲೆಕೆಳಗಾಗಿತ್ತು. ಬಣ್ಣವೆಲ್ಲ ಹೋಗಿ, ಎಣ್ಣೆ ಜಿಡ್ಡು ಹಿಡಿದು, ಬೆಕ್ಕಿನ ಮೀಸೆಯ ಗೆರೆ ಮಾತ್ರ ಉಳಿದಿತ್ತು. ಎಣಿಸಿದೆ. ಏಳು. ಏಳರ ಆಚೆ ಟೈಲ್ಸ್ ಖಾಲಿ.

ನಮ್ಮ ಮನೆಯಲ್ಲಿಯೂ ಆಗ ಏಳೇ ಇದ್ದವು. ಆದರೆ ನಮ್ಮ ಏಳನೆಯದು ಇನ್ನೂ ಕೆಂಪಗಿತ್ತು.

ಬೆನ್ನ ಹಿಂದೆ ಅವರು ಚಹಾ ಸೋಸುತ್ತಿದ್ದರು. "ಮನೆಯಲ್ಲಿ ಈಗ ಇವ್ರೂ ನಾನೂ ಇಬ್ರೇ ಅಲ್ವಾ, ಸಣ್ಣ ಪಾತ್ರೆ ಸಾಕಾಗ್ತದೆ" ಎಂದರು. ಬೇಸರದಲ್ಲಿ ಹೇಳಿದಂತಿರಲಿಲ್ಲ, ಸುಮ್ಮನೆ ಹೇಳಿದಂತಿತ್ತು. ಯಾವ ಮನೆಗೆ ಹೋದರೂ ಮೊದಲ ಐದು ನಿಮಿಷದಲ್ಲಿ ನಾವು ಹೆಂಗಸರು ಕೇಳುವ ಪ್ರಶ್ನೆ ಒಂದೇ. ಮಕ್ಕಳು ಎಷ್ಟು, ಎಲ್ಲಿದ್ದಾರೆ. ಉತ್ತರ ತೀರ ಸಾಧಾರಣವಾಗಿಯೇ ಇದ್ದಿರಬಹುದು: ಪುಣೆಯಲ್ಲಿ ಓದುತ್ತಿದ್ದಾಳೆ, ಮದುವೆಯಾಗಿ ಸೀವುಡ್ಸಿನಲ್ಲಿದ್ದಾಳೆ. ಹುಡುಗಿಯರು ಏಳನೆಯ ತರಗತಿ ದಾಟಿದ ಮೇಲೆ ಲೇಬಲ್ ಅಂಟಿಸುವುದನ್ನು ಬಿಡುತ್ತಾರೆ, ಅಷ್ಟೇ. ಆದರೆ ಆ ಪ್ರಶ್ನೆಯನ್ನು ನಾನು ಕೇಳಲಿಲ್ಲ. ಅವರ ಮುಖವನ್ನೂ ನಾನು ಸರಿಯಾಗಿ ನೋಡಲಿಲ್ಲ. ಅವರ ಸವೆದ ಬಳೆ, ಒಡೆದ ಹಿಮ್ಮಡಿ, ಸೋಸುವ ಜರಡಿಯನ್ನು ಸಿಂಕಿನ ಅಂಚಿಗೆ ಎರಡು ಸಲ ಬಡಿದದ್ದು ಎಲ್ಲ ನೆನಪಿದೆ. ಹಾಗೆ ಬಡಿಯುವುದು ನನ್ನ ಅಭ್ಯಾಸವೂ ಹೌದು.

ಚಹಾ ಅರ್ಧಕ್ಕೆ ಬಿಟ್ಟು ಎದ್ದೆ. ಅವರು ತಡೆಯಲಿಲ್ಲ. ಬಾಗಿಲಲ್ಲಿ ನಿಂತು, "ಮೆಟ್ಟಿಲಲ್ಲಿ ಓಡ್ಬೇಡಿ. ಓಡಿ ಏನೂ ಪ್ರಯೋಜನ ಇಲ್ಲ" ಎಂದರು. ನಾನು ಓಡಿದೆ.

ಟೀಚರಿಗೆ ಫೋನ್ ಮಾಡಿದರೆ ವ್ಯಾಪ್ತಿಯ ಹೊರಗಿದ್ದಾರೆ ಎಂಬ ಅದೇ ದನಿ. ಮಕ್ಕಳಿಗೆ ಮೊಬೈಲ್ ಒಯ್ಯಲು ಬಿಟ್ಟಿರಲಿಲ್ಲ. ಕಲ್ಯಾಣದಿಂದ ಠಾಣೆಯ ಗಾಡಿ ಹತ್ತಿ ಇವರಿಗೆ ಫೋನ್ ಮಾಡಿ ಹೇಳಲು ಹೊರಟೆ. ಹೇಳುವಾಗ ಅದು ನನಗೇ ಬುಡವಿಲ್ಲದ ಮಾತಿನಂತೆ ಕೇಳಿಸಿತು. ಹಿಂದೆ ಲೋಟಗಳ ಸದ್ದು. "ಲೇಬಲ್ ನೋಡಿ ಐರೋಲಿಗೆ ಹೊರಟದ್ದಾ? ನಿಂಗೆ ಮಂಡೆ ಸಮ ಉಂಟಲ್ವಾ?" ಎಂದರು ಇವರು. ಆಮೇಲೆ ದನಿ ತಗ್ಗಿಸಿ, ತಲುಪಿದ ಕೂಡಲೇ ಫೋನ್ ಮಾಡು ಎಂದರು. ನಕ್ಕು ಫೋನ್ ಇಟ್ಟಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ಲೇಡೀಸ್ ಡಬ್ಬಿಯಲ್ಲಿ ಪಕ್ಕದ ಹೆಂಗಸು ಬಟಾಣಿ ಸುಲಿಯುತ್ತಿದ್ದಳು. ನನ್ನ ಮುಖ ನೋಡಿ ಸುಲಿಯುವುದನ್ನು ನಿಲ್ಲಿಸಿ ನೀರಿನ ಬಾಟಲಿ ಕೊಟ್ಟಳು. ಕೃಷ್ಣಾ ಎನ್ನಬೇಕಾದ ಬಾಯಿಗೆ ಕಾನ್ವೆಂಟಿನ ಸಂಜೆಯ ಪ್ರಾರ್ಥನೆ ಬರುತ್ತಿತ್ತು, ಅದೂ ನಡುವಿನ ಸಾಲು ಮರೆತು ಮತ್ತೆ ಮೊದಲಿನಿಂದ. ಠಾಣೆಯಲ್ಲಿ ಗಾಡಿ ಬದಲಿಸಿ ಐರೋಲಿಗೆ, ಅಲ್ಲಿಂದ ರಿಕ್ಷಾದಲ್ಲಿ ದೋಣಿಕಟ್ಟೆಗೆ.

ಕಟ್ಟೆಯಲ್ಲಿ ಶಾಲೆಯ ಖಾಲಿ ಬಸ್ಸು ನಿಂತಿತ್ತು. ದೋಣಿ ಇನ್ನೂ ಬಂದಿರಲಿಲ್ಲ. ಖಾಡಿಯ ನೀರು ಇಳಿಯತೊಡಗಿದರೆ ದೋಣಿ ನಿಧಾನವಾಗುತ್ತದೆ ಎಂದು ಅಲ್ಲಿದ್ದವರು ಹೇಳಿದರು. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಕೆಸರು ದಡದ ಕಾಂಡ್ಲಾ ಗಿಡಗಳ ಸಂದಿನಿಂದ ಕೊನೆಗೆ ಅದು ಕಂಡಾಗ ಎಲ್ಲ ಮಕ್ಕಳೂ ಒಂದೇ ಕಿತ್ತಳೆ ಜಾಕೆಟಿನಲ್ಲಿದ್ದರು. ನನ್ನ ಮಗಳು ಯಾರೆಂದು ನನಗೆ ತಿಳಿಯಲಿಲ್ಲ. ಒಬ್ಬೊಬ್ಬರೇ ಇಳಿದರು. ಒಂದೊಂದು ಮುಖವೂ ಬೇರೆ ಯಾರದೋ. ತೀರ ಕೊನೆಗೆ ಜಡೆ ಬಿಚ್ಚಿಹೋದ ಅವಳು ಇಳಿದಳು.

ನಾನು ಅವಳ ಕೈಯನ್ನು ಎಷ್ಟು ಜೋರಾಗಿ ಹಿಡಿದಿದ್ದೆನೆಂದರೆ, ಅವಳು ಉಳಿದ ಮಕ್ಕಳ ಕಡೆ ನೋಡಿ, ಹಲ್ಲು ಕಚ್ಚಿ, "ಹಾಥ್ ಛೋಡೋ ಮಮ್ಮಿ, ಸಬ್ ದೇಖ್ ರಹೇ ಹೈಂ" ಎಂದಳು. ಅಂಚಿನಲ್ಲಿ ಕೂತಿದ್ದೆಯಾ ಎಂದು ಕೇಳಿದೆ. ಎಲ್ಲರೂ ಅಂಚಿನಲ್ಲೇ ಕೂರುವುದಂತೆ, ದೋಣಿಗೆ ನಡು ಎಲ್ಲಿರುತ್ತದೆ ಎಂದು ತಿರುಗಿ ನನ್ನನ್ನೇ ಕೇಳಿದಳು. ಅಲ್ಲಿ ಏನೂ ಆಗಿರಲಿಲ್ಲ. ಹಕ್ಕಿಗಳು ದೂರದಲ್ಲಿದ್ದವಂತೆ, ಅಷ್ಟೇನೂ ಗುಲಾಬಿ ಇರಲಿಲ್ಲವಂತೆ.

ಆ ಫೋಟೋಗಳು ಇನ್ನೂ ನನ್ನ ಮೊಬೈಲಿನಲ್ಲಿವೆ. ಮಸಿಬಟ್ಟೆ, ಕುಂಡ, ಕೋಟೆ, ಎಲ್ಲ ಸರಿಯಾಗಿವೆ. ವಿಚಿತ್ರವಾದದ್ದು ಏನೂ ಇಲ್ಲ. ಮಾಸಿಕಕ್ಕೆ ಕಳಿಸಲಿಲ್ಲ. ಒಮ್ಮೆ ಹೋಗಿ ನೋಡಿ ಬರೋಣ, ಪಕ್ಕದಲ್ಲೇ ತಾನೆ ಎಂದು ಇವರು ಹಲವು ಸಲ ಕರೆದಿದ್ದಾರೆ. ನಾನು ಹೋಗಿಲ್ಲ. ಮನೆ ಅಲ್ಲೇ ಇದ್ದೀತು. ಬೆಲ್ ಒತ್ತಿ ಆ ಒಂದು ಪ್ರಶ್ನೆ ಕೇಳಿದರೆ ಮುಗಿಯುತ್ತದೆ ಎಂದು ನನಗೂ ಗೊತ್ತು. ಆ ಟ್ರಿಪ್ಪಿನ ಮುಂದಿನ ಜೂನಿನಲ್ಲಿ ಅನನ್ಯಾ ನಿಜವಾಗಿಯೂ ಲೇಬಲ್ ಬೇಡವೆಂದಳು, ಅದು ಚಿಕ್ಕ ಮಕ್ಕಳದ್ದಂತೆ. ಅವಳು ಶಾಲೆಗೆ ಹೋದ ಮೇಲೆ ಎಂಟನೆಯದನ್ನು ನಾನೇ ಅಂಟಿಸಿದೆ. ಈ ವರ್ಷ ಒಂಬತ್ತನೆಯದನ್ನೂ. ಅಷ್ಟಕ್ಕೆ ನನ್ನ ಮನಸ್ಸು ಶಾಂತವಾಗಬೇಕಿತ್ತು. ಆದರೆ ಅವಳು ಮನೆಗೆ ಬರುವುದು ಹತ್ತು ನಿಮಿಷ ತಡವಾದರೂ ಆ ಖಾಲಿ ಟೈಲ್ಸೇ ಕಣ್ಣಿಗೆ ಬರುತ್ತದೆ.

ಆ ಸಂಜೆಯ ಒಂದು ಮಾತು ಹೇಳುವುದು ಉಳಿದಿದೆ. ಅದನ್ನು ಇವರಿಗೂ ಹೇಳಿಲ್ಲ. ಮಗಳು ಸಿಟ್ಟಿನಲ್ಲೇ ಮಲಗಿದ್ದಳು. ತರಕಾರಿ ಗಾಡಿ ಬಂದಿತೆಂದು ಕೆಳಗೆ ಗೇಟಿನ ಹತ್ತಿರ ಹೋದೆ. ಎದುರು ವಿಂಗಿನ ಶಾಂತಾ ಕಾಕು ಅಲ್ಲಿ ಕೊತ್ತಂಬರಿ ಆರಿಸುತ್ತಿದ್ದರು. ಬಾಗಲಕೋಟೆ ಕಡೆಯವರು, ಅವರ ಅಡುಗೆಮನೆಯ ಕಿಟಕಿಯೂ ನಮ್ಮದೂ ಮುಖಾಮುಖಿ.

"ಮಧ್ಯಾಹ್ನ ನಿಮ್ಮ ಅಡಗಿಮನಿ ಕಿಡಕ್ಯಾಗ ನಿಂತು ಫೋಟೋ ತಗೀಲಿಕತ್ತಿದ್ರಲ್ರಿ" ಎಂದರು ಕೊತ್ತಂಬರಿಯಿಂದ ಕಣ್ಣೆತ್ತದೆ. "ನಾ ಕೈ ಮಾಡಿದ್ರ ನೀವು ನೋಡ್ಲೇ ಇಲ್ಲ. ನಿಮ್ಮ ಹಿಂದ ನಿಂತಿದ್ದ ನಿಮ್ಮ ಅಕ್ಕಾರ ಕೈ ಮಾಡಿದ್ರು, ಪಾಪ." ಬೆಳಿಗ್ಗೆ ಹಾಕಿದ ಬೀಗವನ್ನು ನಾನು ತೆಗೆದದ್ದು ಸಂಜೆಗೇ.

ಗಾಡಿಯವನು ಮೆಣಸಿನಕಾಯಿ ಕಡಿಮೆ ಹಾಕಿದನೆಂದು ಮರಾಠಿಯಲ್ಲಿ ಅವನನ್ನು ಗದರಿ, ಇನ್ನೊಂದು ಹಿಡಿ ಹಾಕಿಸಿಕೊಂಡು, ಚೀಲ ಎತ್ತಿಕೊಂಡು ಹೊರಟವರು ಹಾಗೇ ತಿರುಗಿ ಕೇಳಿದರು:

"ಥೇಟ್ ನಿಮ್ಮಂಗ ಅದಾರ ಬಿಡ್ರಿ. ಅವರಿಗೆ ಮಕ್ಕಳೆಷ್ಟು?"