ಬೂದುಗುಂಬಳದ ಬಣ್ಣದ ಗೋಡೆ

ವಕ್ಕಲೇರಿಯ ಮುನಿಯಲ್ಲಪ್ಪ ಗೋಡೆಗೆ ಬಣ್ಣ ಬಳಿಯುವ ಕೆಲಸಕ್ಕೆ ಇಳಿದು ಮೂವತ್ತೆರಡು ವರ್ಷವಾಗಿತ್ತು. ಸುಣ್ಣ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚಿಟಿಕೆ ನೀಲಿ ಸೇರಿಸಿ ಹೊಡೆಯುತ್ತಿದ್ದ ಕಾಲದಿಂದ ಶುರುಮಾಡಿ ಡಿಸ್ಟೆಂಪರ್ ದಾಟಿ ಈಗಿನ ಎಮಲ್ಷನ್‌ವರೆಗೆ ಬಂದವನು. ಕೋಲಾರದ ಅಂಗಡಿಗಳಿಗೆ ಬಣ್ಣ ಬೆರೆಸುವ ಮೆಷಿನ್ ಬಂದು ಎಷ್ಟೋ ಕಾಲವಾಗಿದ್ದರೂ ಅವನು ಅದರ ಗೋಜಿಗೆ ಹೋದವನಲ್ಲ. ಬಿಳಿ ಬಣ್ಣದ ಡಬ್ಬ ತಂದು, ಸ್ಟೈನರ್ ಬಾಟಲಿಯಿಂದ ಗಾಢ ಬಣ್ಣವನ್ನು ತೊಟ್ಟು ತೊಟ್ಟಾಗಿ ಬಿಟ್ಟು, ಕೋಲಿನಲ್ಲಿ ಕದಡಿ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತಿದ್ದ. ಯಾರಾದರೂ ಸೀರೆ ಸೆರಗು ತೋರಿಸಿ ಇದೇ ಬಣ್ಣ ಬೇಕು ಅಂದರೆ, ಸೆರಗನ್ನು ಒಂದು ಸಲ ಬಿಸಿಲಿಗೆ, ಒಂದು ಸಲ ನೆರಳಿಗೆ ಹಿಡಿದು ನೋಡಿ, ಅರ್ಧ ಗಂಟೆಯಲ್ಲಿ ಅದನ್ನೇ ಗೋಡೆಗೆ ತಂದುಬಿಡುತ್ತಿದ್ದ. ಸುತ್ತಮುತ್ತ ಅವನ ಹೆಸರು ನಿಂತಿದ್ದೇ ಇದರಿಂದ.

ಊರಿನಿಂದ ಮಾಲೂರಿನ ಕಡೆ ಹೋಗುವ ದಾರಿಯಲ್ಲಿ ಸುನಂದ ಎನ್ನುವವರು ಅರ್ಧ ಎಕರೆ ಕೊಂಡು, ವಾರದ ಕೊನೆಗೆ ಬಂದು ಇರಲೆಂದು ಒಂದು ಪುಟ್ಟ ಮನೆ ಕಟ್ಟಿಸಿದ್ದರು. ಬೆಂಗಳೂರಿನ ಟೆಲಿಫೋನ್ ಇಲಾಖೆಯಲ್ಲಿದ್ದು ನಿವೃತ್ತರಾದವರು. ಶನಿವಾರ ಬಂದು ಸೋಮವಾರ ಹಿಂದಿರುಗುವರು. ಮನೆ ಕಟ್ಟಿದ ಮೇಸ್ತ್ರಿ ನಡುಮನೆಯ ಹಾಲಿಗೆ ಹೊಡೆಸಿದ್ದ ಕಡು ಹಳದಿ ಅವರಿಗೆ ಮೊದಲಿನಿಂದಲೂ ಸೇರಿರಲಿಲ್ಲ. ಅದನ್ನು ಬದಲಾಯಿಸಲು ಮುನಿಯಲ್ಲಪ್ಪನನ್ನು ಕರೆಸಿದರು. ಯಾವ ಬಣ್ಣ ಅಂತ ತೀರ್ಮಾನಿಸುವುದರಲ್ಲೇ ನಾಲ್ಕು ವಾರ ಕಳೆಯಿತು. ಬಣ್ಣದ ಪುಸ್ತಕ ತಿರುವಿ ಹಾಕಿದರು, ತಂಗಿಗೆ ಫೋಟೊ ಕಳಿಸಿದರು, ಗೋಡೆ ಮೇಲೆ ಅಂಗೈ ಅಗಲದ ತೇಪೆ ಹೊಡೆಸಿ ನೋಡಿದರು. ಯಾವುದೂ ಮನಸ್ಸಿಗೆ ಬರಲಿಲ್ಲ. ಕೊನೆಗೊಂದು ಭಾನುವಾರ ಹಿತ್ತಲಿನಿಂದ ಒಂದು ಬೂದುಗುಂಬಳ ಕಿತ್ತು, ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಹಾಲಿನ ನಡುವೆ ಇಟ್ಟರು.

"ಇದರ ಮೈಮೇಲೆ ಬೂದಿ ಇದೆಯಲ್ಲ ಮುನಿಯಲ್ಲಪ್ಪನವರೇ, ಆ ಬಣ್ಣ. ಬಿಳೀನೂ ಅಲ್ಲ, ಹಸಿರೂ ಅಲ್ಲ. ಆಗುತ್ತಾ?"

"ಆಗ್ದೆ ಏನು ಮೇಡಂ," ಅಂದ ಮುನಿಯಲ್ಲಪ್ಪ. "ಮುಂದಿನ ಶನಿವಾರ ಬರೋ ಹೊತ್ತಿಗೆ ಒಂದು ಗೋಡೆ ಮುಗಿಸಿರ್ತೀನಿ."

ಅವನ ಜೊತೆ ಹನ್ನೆರಡು ವರ್ಷದಿಂದ ಕೆಲಸ ಮಾಡುತ್ತಿದ್ದ ಕದಿರೇಶ ಆ ವಾರ ಇರಲಿಲ್ಲ. ಹೆಂಡತಿಯ ಹೆರಿಗೆಗೆಂದು ಮುಳಬಾಗಿಲಿನ ಅತ್ತೆಮನೆಗೆ ಹೋಗಿದ್ದ. ಮುನಿಯಲ್ಲಪ್ಪ ಒಬ್ಬನೇ ಕೂತು, ಕಾಯಿಯನ್ನು ಎದುರಿಗಿಟ್ಟುಕೊಳ್ಳದೆ ನೆನಪಿನ ಮೇಲೆಯೇ ಬಣ್ಣ ಬೆರೆಸಿದ. ಒಂದಿಷ್ಟು ಹಸಿರು, ಒಂದಿಷ್ಟು ನೀಲಿ, ಎರಡು ತೊಟ್ಟು ಕಪ್ಪು. ಎಷ್ಟು ಕದಡಿದರೂ ಅದು ಕೆನೆಯ ಹಾಗೆ ಹಳದಿಯಾಗಿಯೇ ಕಂಡಿತು. ಇನ್ನಷ್ಟು ನೀಲಿ ಬಿಟ್ಟ. ಮತ್ತೂ ಬಿಟ್ಟ. ಶುಕ್ರವಾರ ಸಂಜೆಗೆ ಕಿಟಕಿಯ ಎದುರಿನ ದೊಡ್ಡ ಗೋಡೆಗೆ ಎರಡು ಕೋಟ್ ಮುಗಿದಿತ್ತು.

ಶನಿವಾರ ಸುನಂದ ಬಾಗಿಲಲ್ಲೇ ನಿಂತರು. ಕೈಯಲ್ಲಿದ್ದ ಬ್ಯಾಗು ಕೆಳಗಿಡಲಿಲ್ಲ.

"ಇದೇನು?"

"ನೀವು ಹೇಳಿದ್ದೇ ಮೇಡಂ. ಬೂದುಗುಂಬಳ."

"ಇದು ನೀಲಿ ಅಲ್ವಾ?"

"ಎಲ್ಲಿ ನೀಲಿ? ಎಲ್ಲೋ ಸ್ವಲ್ಪ ಛಾಯೆ ಇರಬಹುದು. ಒಣಗಿದ ಮೇಲೆ ಕೂತ್ಕೊಳ್ಳುತ್ತೆ."

"ಒಣಗಿದೆಯಲ್ಲ."

ಅವರು ದನಿ ಏರಿಸಲಿಲ್ಲ. ಅವನ ಮುಖ ನೋಡಿ, ಬ್ಯಾಗಿನಿಂದ ಒಂದು ಟವೆಲ್ ತೆಗೆದು ಹಿಡಿದರು. "ಇದು ಯಾವ ಬಣ್ಣ ಹೇಳಿ ನೋಡೋಣ."

"ಬಿಳಿ."

"ತಿಳಿ ನೀಲಿ, ಮುನಿಯಲ್ಲಪ್ಪನವರೇ."

ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಹಾಕಿಕೊಂಡು ಮತ್ತೆ ನೋಡಿದ. ಬಿಳಿಯೇ. ಕೆಲ ಕಾಲದಿಂದ ಟ್ಯೂಬ್‌ಲೈಟಿನ ಸುತ್ತ ಬಳೆಯಂಥ ಬೆಳಕು ಕಾಣುತ್ತಿದ್ದದ್ದು, ಬಸ್ಸಿನ ಬೋರ್ಡು ಹತ್ತಿರ ಬರುವ ತನಕ ಓದಲಾಗದೆ ಇದ್ದದ್ದು ಎಲ್ಲ ಒಟ್ಟಿಗೆ ನೆನಪಿಗೆ ಬಂತು. ಅದನ್ನೆಲ್ಲ ಇಷ್ಟು ದಿನ ಧೂಳಿನ ಲೆಕ್ಕಕ್ಕೆ ಹಾಕಿಬಿಟ್ಟಿದ್ದ. ಏಣಿಯ ಪಕ್ಕ ನೆಲಕ್ಕೆ ಕೂತ.

"ಎಷ್ಟು ದಿನದಿಂದ ಹೀಗೆ?"

"ಗೊತ್ತಿಲ್ಲ ಮೇಡಂ," ಅಂದ. ಅದು ನಿಜವೂ ಆಗಿತ್ತು. "ಬೇರೆ ಯಾರನ್ನಾದ್ರೂ ಕರೆಸ್ಕೊಳ್ಳಿ. ಆ ಗೋಡೆ ಬಣ್ಣದ ಖರ್ಚು ನನ್ನದು."

"ಮೊದಲು ಕಣ್ಣು ತೋರಿಸ್ಕೊಂಡು ಬನ್ನಿ. ಗೋಡೆ ಹೇಗಿದೆಯೋ ಹಾಗೇ ಇರಲಿ. ವಾರಕ್ಕೆ ಎರಡು ದಿನ ಇರೋಳಿಗೆ ಏನು ಅವಸರ?"

ಹೊತ್ತಿಗೆ ಮುಂಚೆ ಮನೆಗೆ ಬಂದ ಗಂಡನನ್ನು ನೋಡಿ ಅಂಜಮ್ಮ "ಏಮೈಂದಿ? ಏನಾಯ್ತು?" ಅಂತ ಕೇಳಿದಳು. ಗಾಬರಿಯಾದಾಗ ಅವಳ ಬಾಯಿಗೆ ತೆಲುಗೇ ಮೊದಲು ಬರುವುದು. ಅವನು ಆದದ್ದೆಲ್ಲ ಹೇಳಿದ. ಅವಳಿಗೆ ಅಷ್ಟೇನೂ ಆಶ್ಚರ್ಯವಾದಂತೆ ಕಾಣಲಿಲ್ಲ.

"ಹೋದ ಯುಗಾದಿಗೆ ಬೂದಿ ಬಣ್ಣದ ಸೀರೆ ತಂದಿದೀನಿ ಅಂತ ಕೊಟ್ಟೆಯಲ್ಲ, ಅದು ನೀಲಿ."

"ಆವಾಗ್ಲೇ ಹೇಳ್ಬಾರ್ದಾಗಿತ್ತಾ?"

"ಸೀರೆ ಚೆನ್ನಾಗಿತ್ತು, ಸುಮ್ನಾದೆ."

ಕೋಲಾರದಲ್ಲಿ ಡಾಕ್ಟರು ನೋಡಿ ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಲಗಣ್ಣಿನದು ತುಂಬ ಬಲಿತಿದೆ ಅಂದರು. ಮುಂದಿನ ವಾರ ಬಲಗಣ್ಣಿಗೆ ಆಪರೇಷನ್ ಆಯಿತು. ಮಾರನೆಯ ದಿನ ಪಟ್ಟಿ ಬಿಚ್ಚಿದಾಗ ಮುನಿಯಲ್ಲಪ್ಪ ಮಂಚದ ಮೇಲಿನ ಹಾಸನ್ನು ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಮುಚ್ಚಿ ನೋಡಿದ. ಎಡಗಣ್ಣಿಗೆ ಅದು ಟೀ ಸೋಸಿ ಒಗೆದ ಬಟ್ಟೆಯ ಹಾಗಿತ್ತು. ಬಲಗಣ್ಣಿಗೆ ಬಿಳಿಯಾಗಿತ್ತು. ಹತ್ತಾರು ಸಲ ಹಾಗೇ ಮಾಡಿದ. ನರ್ಸು ಬಂದು, ಕಣ್ಣಿಗೆ ಆಯಾಸ ಮಾಡಬೇಡಿ ಅಂತ ಗದರಿದಳು.

ಬಸ್ಸಿನಲ್ಲಿ ಊರಿಗೆ ಬರುವಾಗ ಅವನಿಗೆ ಒಂದೇ ಭಯ. ಈ ಎರಡು ಮೂರು ವರ್ಷದಲ್ಲಿ ತಾನು ಬಣ್ಣ ಹೊಡೆದ ಮನೆಗಳೆಲ್ಲ ರಸ್ತೆ ಬದಿಯಲ್ಲೇ ಇದ್ದವು. ಏನೇನು ಎಡವಟ್ಟು ಮಾಡಿಟ್ಟಿದ್ದೇನೋ ಎಂದು ಕಿಟಕಿಗೆ ಮುಖ ಒತ್ತಿ ನೋಡುತ್ತಾ ಬಂದ. ಹಾಲಿನ ಡೈರಿಯ ಗೋಡೆ ಅವರು ಕೇಳಿದ್ದ ತಿಳಿ ನೀಲಿಯೇ ಆಗಿತ್ತು. ಭಾರತಮ್ಮನ ಮನೆ ಅವಳು ಕೇಳಿದ್ದ ಹಾಗೇ ನೇರಳೆಯ ಛಾಯೆಯಲ್ಲಿತ್ತು. ಒಂದೂ ತಪ್ಪಿರಲಿಲ್ಲ. ಮೊದಲು ಸಮಾಧಾನವಾಯಿತು. ಊರು ಹತ್ತಿರವಾದಂತೆ ಆ ಸಮಾಧಾನ ಕರಗಿತು. ಟವೆಲ್ಲಿನ ನೀಲಿ ಕಾಣದವನು ಡೈರಿಯ ನೀಲಿ ಬೆರೆಸಿದ್ದು ಹೇಗೆ?

ಬಸ್ಸಿಳಿದವನು ನೇರ ಕದಿರೇಶನ ಮನೆಗೆ ಹೋದ. ಅವನು ಹೆಂಡತಿ, ಮಗುವನ್ನು ಕರೆದುಕೊಂಡು ಮುಳಬಾಗಿಲಿನಿಂದ ಬಂದು ಎರಡು ದಿನವಾಗಿತ್ತು.

"ಲೇ ಕದಿರೇಶ, ಡೈರಿ ಗೋಡೆ ಬಣ್ಣ ಯಾರ್ ಬೆರೆಸಿದ್ದು?"

"ನೀನೇ ಅಲ್ವೇನಣ್ಣ."

"ಸುಳ್ಳು ಹೇಳ್ಬೇಡ. ಈಗ ನಂಗೆ ಕಾಣಿಸ್ತದೆ."

ಕದಿರೇಶ ನೆಲ ನೋಡಿದ. "ನೀನು ಬೆರೆಸಿಟ್ಟು ಟೀಗೆ ಹೋಗ್ತಿದ್ದೆಯಲ್ಲ, ಆವಾಗ ನಾನು ಸ್ವಲ್ಪ ಸರಿ ಮಾಡ್ತಿದ್ದೆ. ಬಿಳಿ ಸೇರಿಸೋದು, ಚೂರು ಹಳದಿ ಸೇರಿಸೋದು."

"ಎಷ್ಟು ದಿನದಿಂದ್ಲಾ?"

"ಎರಡು ವರ್ಷ ಆಗಿರ್ಬೇಕು."

"ನಂಗೆ ಒಂದು ಮಾತು ಹೇಳೋಕೆ ಏನಾಗಿತ್ತು?"

"ಹೆಂಗಣ್ಣ ಹೇಳೋದು? ಬಣ್ಣ ಅಂದ್ರೇನು ಅಂತ ನಂಗೆ ಕಲಿಸಿದೋನೇ ನೀನು."

ಮುನಿಯಲ್ಲಪ್ಪ ಎದ್ದು ಬಂದ. ನಾಲ್ಕು ದಿನ ಕದಿರೇಶನ ಫೋನ್ ಎತ್ತಲಿಲ್ಲ. ಎರಡು ವರ್ಷದಿಂದ ಜನ ಮೆಚ್ಚಿ ಆಡಿದ ಮಾತುಗಳನ್ನು ಒಂದೊಂದಾಗಿ ನೆನೆದು, ಇದು ನನ್ನದಲ್ಲ, ಇದೂ ನನ್ನದಲ್ಲ ಅಂದುಕೊಳ್ಳುತ್ತಾ ಜಗಲಿಯಲ್ಲಿ ಕೂತಿರುತ್ತಿದ್ದ. ಅಂಜಮ್ಮ ಊಟಕ್ಕೆ ಕರೆದಳೇ ಹೊರತು ಬೇರೇನೂ ಕೇಳಲಿಲ್ಲ. ಐದನೆಯ ದಿನ ಅವನೇ ಕದಿರೇಶನ ಮನೆಗೆ ಹೋಗಿ, ತೊಟ್ಟಿಲಲ್ಲಿದ್ದ ಮಗುವನ್ನು ಬಗ್ಗಿ ನೋಡಿ, "ಡಾಕ್ಟರು ಹೂಂ ಅಂದ್ಮೇಲೆ ಮೇಡಂ ಮನೆ ಕೆಲಸ ಮುಗಿಸೋಣ," ಅಂದ.

ತಿಂಗಳು ಕಳೆದು ಇಬ್ಬರೂ ಹೋದರು. ಹಾಲಿನ ಬಾಗಿಲು ದಾಟಿದ ಮುನಿಯಲ್ಲಪ್ಪನಿಗೆ ತಾನು ಹೊಡೆದ ಗೋಡೆ ಮೊದಲ ಸಲ ಕಂಡಿತು. ಶಾಲೆ ಹುಡುಗರ ಯೂನಿಫಾರ್ಮ್ ಅಂಗಿಯಂಥ ನೀಲಿ. ಸುನಂದ ಅದಕ್ಕೆ ಒತ್ತಿ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಇಷ್ಟು ವಾರ ನೋಡಿ ನೋಡಿ ಅಭ್ಯಾಸವಾಯ್ತು," ಅಂದರು. "ಆದ್ರೂ ಬೇಡ."

ಮುನಿಯಲ್ಲಪ್ಪ ಕದಡುವ ಕೋಲನ್ನು ಕದಿರೇಶನ ಕೈಗೆ ಕೊಟ್ಟ. "ಇವನು ಬೆರೆಸ್ತಾನೆ ಮೇಡಂ. ಎರಡು ವರ್ಷದಿಂದ ಇವನೇ ಬೆರೆಸ್ತಿರೋದು. ನಂಗೆ ಗೊತ್ತಿರಲಿಲ್ಲ, ಅಷ್ಟೇ."

ಕದಿರೇಶ ನಾಚಿ ಡಬ್ಬದ ಮುಚ್ಚಳ ತೆಗೆದ. ಬೆರೆಸುವುದು ಮುಗಿಯುತ್ತಾ ಬಂದಾಗ ಮುನಿಯಲ್ಲಪ್ಪ ಬಲಗಣ್ಣಿನಲ್ಲಿ ನೋಡಿ, "ಇನ್ನೊಂದು ತೊಟ್ಟು ಕಪ್ಪು ಬಿಡು," ಅಂದ.

"ಬೇಡಣ್ಣ, ಒಣಗಿದ್ರೆ ತಾನೇ ಗಾಢ ಆಗ್ತದೆ."

ಮುನಿಯಲ್ಲಪ್ಪ ಡಬ್ಬದೊಳಗೆ ಮತ್ತೊಮ್ಮೆ ಬಗ್ಗಿ ನೋಡಿದ. "ಹೌದು, ಬೇಡ," ಅಂದು ಏಣಿ ಹತ್ತಿದ.

ನಾಲ್ಕೂ ಗೋಡೆ ಮುಗಿಯಲು ಮೂರು ದಿನ ಹಿಡಿಯಿತು. ಸುನಂದ ಬೆಳಿಗ್ಗೆ ನೋಡಿದರು, ಮಧ್ಯಾಹ್ನ ನೋಡಿದರು, ಸಂಜೆ ಲೈಟು ಹಾಕಿ ನೋಡಿದರು. "ಸಾಕು, ಇನ್ನು ಮುಟ್ಟಬೇಡಿ," ಅಂದರು.

ದಸರಾ ಕಳೆದ ಮೇಲೆ ಎಡಗಣ್ಣಿನ ಆಪರೇಷನ್ನೂ ಆಯಿತು. ಅಷ್ಟರಲ್ಲಿ ಕ್ಯಾಲನೂರಿನಿಂದ ಎರಡು ಅಂತಸ್ತಿನ ಮನೆಯ ಕೆಲಸ ಬಂದಿತ್ತು. ಮನೆಯವರ ಜೊತೆ ಕೂತು ಬಣ್ಣ ತೀರ್ಮಾನಿಸಿ ಬರಲು ಮುನಿಯಲ್ಲಪ್ಪ ಕದಿರೇಶನೊಬ್ಬನನ್ನೇ ಕಳಿಸಿದ.