ಅಂಗೈಯಲ್ಲಿ ಲಿಂಗ, ಮಣಿಕಟ್ಟಿನಲ್ಲಿ ಗಡಿಯಾರ

ಗಂಡನ ಹೆಸರು ಬಾಯಲ್ಲಿ ಹೇಳಬಾರದು ಎಂದು ನನ್ನ ಅತ್ತೆ ಗುಂಡವ್ವ ಕಲಿಸಿದ್ದರು; ಬರೆಯಬಾರದು ಎಂದಿರಲಿಲ್ಲ. ಹಾಗಾಗಿ ಬರೆಯುತ್ತೇನೆ: ಶಿವರಾಯ. ಊರು ಬೀದರ ಜಿಲ್ಲೆಯ ಭಾಲ್ಕಿ. ಮೊದಲು ಔರಂಗಾಬಾದಿನಲ್ಲಿ ಆರು ವರ್ಷ, ಆಮೇಲೆ ನಾಶಿಕದ ಅಂಬಡಿನಲ್ಲಿ ಹದಿನಾಲ್ಕು ವರ್ಷ, ಎರಡೂ ಕಡೆ ಒಂದೇ ಕೆಲಸ. ಗಾಡಿಗಳಿಗೆ ಹಾಕುವ ಉಕ್ಕಿನ ಪಿನ್ನನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಮೈಕ್ರೋಮೀಟರ್ ತಿರುಗಿಸಿ, ಕೂದಲೆಳೆಗಿಂತ ಸಣ್ಣ ಅಳತೆ ನೋಡಿ ಪಾಸೋ ಫೇಲೋ ಹೇಳುವುದು. ಅಲ್ಲಿ ಅಷ್ಟು ನಿಖರವಾದ ಮನುಷ್ಯ ಮನೆಯಲ್ಲಿ ಒಂದು ಗಳಿಗೆ ನೆಟ್ಟಗೆ ಕುಳಿತವರಲ್ಲ. ಬೀಗ ಹಾಕಿ, ಬೀದಿ ದಾಟಿ, ತಿರುಗಿ ಬಂದು ಬೀಗ ಜಗ್ಗಿ ನೋಡುತ್ತಾರೆ. ತಟ್ಟೆಯ ಮುಂದೆ ಕುಳಿತರೂ ಕಾಲು ಅಲುಗಾಡುತ್ತಲೇ ಇರುತ್ತದೆ. ನೋಡಿ ನೋಡಿ ನನ್ನ ತಲೆ ಚಿಟ್ಟು ಹಿಡಿದಿತ್ತು.

೨೦೦೯ರ ಮಳೆಗಾಲದಲ್ಲಿ ಅವರ ಎಡಗೈ ನಡುಗತೊಡಗಿತು. ಹಿಂದಿನ ವರ್ಷ ಕಾರ್ಖಾನೆಗೆ ಆರ್ಡರ್ ಕಡಿಮೆಯಾಗಿ ಜನರನ್ನು ತೆಗೆದಿದ್ದರು. ಇಬ್ಬರು ಮಾಡುವ ತಪಾಸಣೆ ಇವರೊಬ್ಬರ ತಲೆಯ ಮೇಲೆ ಬಿದ್ದಿತ್ತು. ಮೊದಲು ಚಹಾದ ಕಪ್ಪು-ಬಸಿ ಟಕಟಕ ಎಂದಿತು. ಆಮೇಲೆ ಮೇಜಿನ ಮೇಲೆ ಅಳತೆಯೇ ತಪ್ಪಿತು: ಒಂದೇ ಪಿನ್ನಿಗೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. ಮ್ಯಾನೇಜರ್ ಅರವಿಂದ ಸಾಹೇಬರು ಕೆಟ್ಟವರಲ್ಲ, ಆದರೂ ಒಂದು ಪರೀಕ್ಷೆ ಇಟ್ಟರು. ಎರಡು ವಾರ ಬಿಟ್ಟು ಸೋಮವಾರ ಎಂಟು ಗಂಟೆಗೆ ಹತ್ತು ಪಿನ್ನುಗಳನ್ನು ಅದಲುಬದಲು ಮಾಡಿ ಕೊಡುತ್ತಾರೆ, ಒಂದೊಂದನ್ನೂ ಮೂರು ಸಲ ಅಳೆಯಬೇಕು. ಅಳತೆ ಹೊಂದಿದರೆ ಮೇಜು ಇವರದು. ಹೊಂದದಿದ್ದರೆ ಪ್ಯಾಕಿಂಗಿಗೆ ಹೋಗಬೇಕು.

"ಪಗಾರ ಅಷ್ಟೇ ಇರ್ತದಲ್ರಿ," ಎಂದೆ ನಾನು.

"ಹದಿನಾಲ್ಕು ವರ್ಷ ನಾ ಪಾಸ್ ಮಾಡಿದ ಮಾಲು ಒಂದೂ ವಾಪಸ್ ಬಂದಿಲ್ಲ. ಈಗ ಡಬ್ಬಿಗಿ ಟೇಪ್ ಹಚ್ಕೋತ ಕೂಡ್ಲೇನು?"

 

ಡಾಕ್ಟರು ಎಲ್ಲ ತಪಾಸಣೆ ಮಾಡಿ, ರೋಗವಿಲ್ಲ, ಟೆನ್ಶನ್ ಬಿಡಿ ಎಂದರು. ಬಿಡುವುದಕ್ಕೆ ಅದೇನು ತಂಬಾಕೇ? ಸಂಜೆಯ ವಾಕಿಂಗ್ ಶುರುವಾಯಿತು. ನಿನ್ನೆಗಿಂತ ಎರಡು ನಿಮಿಷ ಹೆಚ್ಚು ಹಿಡಿಯಿತೆಂದು ಮುಖ ಊದಿಸಿಕೊಂಡು ಬಂದರು. ಕಂಪನಿಯವರು ಶಿಬಿರ ಮಾಡಿ ದೀರ್ಘ ಉಸಿರು ಕಲಿಸಿದರು; ಇವರು ಗಡಿಯಾರ ನೋಡಿ ಉಸಿರಾಡಲು ಹೋಗಿ ಎದೆ ಹಿಡಿದುಕೊಂಡು ಕುಳಿತರು. ನಗಬಾರದಿತ್ತು, ನಕ್ಕುಬಿಟ್ಟೆ. ಎರಡು ದಿನ ನನ್ನ ಜೊತೆ ಮಾತಿಲ್ಲ.

ಪರೀಕ್ಷೆಯ ಹಿಂದಿನ ಶನಿವಾರ ಬೆಳಿಗ್ಗೆ ಪೂಜೆಗೆ ಪತ್ರಿ ಕೊಡಲು ಹೋದಾಗ ಕಂಡೆ. ನಾವು ಲಿಂಗವಂತರು, ಕೊರಳಲ್ಲಿ ಕಟ್ಟಿದ ಇಷ್ಟಲಿಂಗವನ್ನು ದಿನಾ ಎಡ ಅಂಗೈಯಲ್ಲಿಟ್ಟು, ಅದರಲ್ಲೇ ಕಣ್ಣು ನೆಟ್ಟು ಪೂಜಿಸುತ್ತೇವೆ. ಇವರು ವಾಚನ್ನು ಮಣಿಕಟ್ಟಿನ ಒಳಬದಿಗೆ ಕಟ್ಟುತ್ತಾರೆ, ಕಬ್ಬಿಣದ ಮೇಜಿಗೆ ಗಾಜು ತಾಗದಿರಲೆಂದು. ಸ್ನಾನವಾದೊಡನೆ ಮೊದಲು ವಾಚು, ಆಮೇಲೆ ವಿಭೂತಿ. ಅಂಗೈ ಮೇಲಾಗಿ ಹಿಡಿದರೆ ಲಿಂಗ, ಗಡಿಯಾರ ಎರಡೂ ಮುಖದ ಮುಂದೆ. ನಡುವೆ ನಾಲ್ಕು ಬೆರಳಿನ ಅಂತರ. ಕಣ್ಣು ಎಲ್ಲಿತ್ತು ಎಂದು ಹೇಳಬೇಕೇ?

"ಯಾರಿಗಿ ಪೂಜಿ ಮಾಡಲಕತ್ತೀರಿ? ಲಿಂಗಕ್ಕೋ, ವಾಚಿಗೋ?"

"ಆರೂ ಇಪ್ಪತ್ತಕ್ಕ ಬಸ್ ಅದ. ನನಗಾಗಿ ನಿಲ್ಲಲಕ ಅದು ನಿಮ್ಮಪ್ಪಂದೇನು?"

"ಅಂಗೈಮ್ಯಾಲ ಶಿವನ್ನ ಕುಂದ್ರಿಸಿ ಟೈಮ್ ನೋಡಿದ್ರ, ಕೈ ನಡುಗದೆ ಏನ್ ಮಾಡ್ತದ?"

ಜಡೆ ಹಾಕಿಕೊಳ್ಳುತ್ತಿದ್ದ ಮಗಳು ಅಮೂಲ್ಯಾ ನಡುವೆ ಬಾಯಿ ಹಾಕಿದಳು. ಎಂಟನೇ ಇಯತ್ತೆಯ ಹುಡುಗಿ; ಕನ್ನಡ ಎಲ್ಲ ತಿಳಿಯುತ್ತದೆ, ಆಡುವುದು ಮರಾಠಿ. "ಆಯೀ, ತೂಚ್ ತರ್ ಓರಡತೇಸ್," ಎಂದಳು. ಕೂಗುವವಳು ನೀನೇ ಅಲ್ಲವೇ ಎಂದು. ಆಮೇಲೆ ನನ್ನದೇ ದನಿ ತೆಗೆದು, "ಆರು ಆತ್ರಿ. ಆರೂ ಐದಾತ್ರಿ. ಬಸ್ ಹೋಗ್ತದ್ರಿ," ಎಂದಳು. ಅವಳಿಗೆ ತಪ್ಪಿಲ್ಲದೆ ಬರುವ ಕನ್ನಡ ಅಷ್ಟೇ ಎಂದು ಕಾಣುತ್ತದೆ.

ಬೈಯಲು ಹೊರಟವಳಿಗೆ ಹೊಳೆಯಿತು: ಪೂಜೆಯ ನಡುವೆ ಐದು ನಿಮಿಷಕ್ಕೊಮ್ಮೆ ಅಡುಗೆಮನೆಯಿಂದ ಕೂಗುವವಳು ನಾನೇ. ವಾಚು ಬಿಚ್ಚಿಟ್ಟರೂ ನಾನಿದ್ದೆನಲ್ಲ. ನಾಚಿಕೆಯಾಯಿತು.

ಸೋಮವಾರ ಅವರು ವಾಚನ್ನು ಗೋಡೆಯ ಮಾಡದಲ್ಲಿಟ್ಟು ಪೂಜೆಗೆ ಕುಳಿತರು. ನಾನು ಕೂಗಬಾರದು ಎಂದು ನಿಶ್ಚಯಿಸಿದ್ದೆ. ಆರೂ ಐದಾಯಿತು. ಆರೂ ಹತ್ತಕ್ಕೆ ಸೆರಗು ಬಾಯಿಗೆ ತುರುಕಿಕೊಂಡೆ. ಹಂಚಿನ ಮೇಲೆ ರೊಟ್ಟಿ ಸೀದಿತು. ಮೂಲೆಯಲ್ಲಿ ಬಸ್ಸು ಎರಡು ಸಲ ಹಾರ್ನ್ ಹೊಡೆದು ಹೊರಟುಹೋಯಿತು. ಒಳಗೆ ಸದ್ದಿಲ್ಲ. ನನ್ನ ಶಾಣ್ಯಾತನದಿಂದ ಇವರ ಮೇಜು ಹೋಯಿತು ಎಂದುಕೊಂಡೆ. ಆರೂವರೆಗೆ ಎದ್ದರು, ಸೀದ ರೊಟ್ಟಿಯನ್ನೇ ತಿಂದರು, ಶೇರ್ ಆಟೋ ಹತ್ತಿ ಹೋದರು. ವಾಚು ಗೋಡೆಯ ಮಾಡದಲ್ಲೇ ಉಳಿಯಿತು.

ಆ ದಿನ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ತೊಳೆದ ಪಾತ್ರೆಯನ್ನೇ ತೊಳೆದೆ. ತರಕಾರಿ ತರಲು ಹೊರಟವಳು ಬೀದಿ ದಾಟಿ, ತಿರುಗಿ ಬಂದು ಬೀಗ ಜಗ್ಗಿ ನೋಡಿದೆ.

ನಾಲ್ಕು ಗಂಟೆಗೆ ಬಂದರು. ಚಪ್ಪಲಿ ಬಿಡುವ ಮೊದಲೇ ಕೇಳಿದೆ, "ಏನಾತ್ರಿ?"

"ಮೂವತ್ತರಾಗ ಇಪ್ಪತ್ತೆಂಟು ಹೊಂದಿದವು. ಎರಡು ತಪ್ಪು ನಡೀತದಂತ. ಮೇಜು ನಂದೇ."

ನಾನು ಹೊಸ್ತಿಲ ಬಳಿಯೇ ಕುಳಿತು ಅತ್ತುಬಿಟ್ಟೆ. ಅವರು ನೀರು ತಂದುಕೊಟ್ಟರು.

"ಮುಂಜಾನಿ ನಿನ್ನ ದನಿ ಬರಲಿಲ್ಲಂತ ಮೊದಲ ಅಂಜಿದೆ," ಎಂದರು. "ನಿನಗೇನರೆ ಆತೇನೋ ಅಂತ. ರೊಟ್ಟಿ ಸೀದ ವಾಸನಿ ಬಂತು, ಅದಾಳ ಅಂತ ಸಮಾಧಾನ ಆತು. ಆಮ್ಯಾಲ ಸುಮ್ಮ ಲಿಂಗ ನೋಡ್ಕೋತ ಕೂತೆ."

ಮರುದಿನ ಬೆಳಿಗ್ಗೆ ಅವರು ಪೂಜೆ ಮುಗಿಸಿ ಅಡುಗೆಮನೆಗೆ ಬಂದಾಗ ನಾನು ನನ್ನ ಪೂಜೆ ಮಾಡುತ್ತಿದ್ದೆ. ನನ್ನ ಕೊರಳಲ್ಲೂ ಲಿಂಗವಿದೆ. ಒಲೆಯ ಮುಂದೆ ನಿಂತು ನೀರು, ವಿಭೂತಿ, ಒಂದು ನಿಮಿಷ, ಕಣ್ಣು ಹಾಲಿನ ಮೇಲೆ. ಅವರು ಒಲೆಯ ಬಳಿ ಬಂದು ಇಕ್ಕಳ ತೆಗೆದುಕೊಂಡರು.

"ಹಾಲು ನಾ ನೋಡ್ತೀನಿ. ನೀ ಹೋಗಿ ಕೂಡು."

"ಬಸ್ ಹೋಗ್ತದ್ರಿ."

"ಹೋಗ್ಲಿ ಬಿಡು."

ಕುಳಿತೆ. ಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣು ನೆಟ್ಟೆ. ಮದುವೆಯಾದ ಹದಿನೆಂಟು ವರ್ಷಗಳಲ್ಲಿ ಮೊದಲ ಸಲ ಸರಿಯಾಗಿ ನೋಡಿದೆ. ನನ್ನ ಕೈಯೂ ನಡುಗುತ್ತಿತ್ತು.